ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ತಪ್ಪೇ?

(ಸಂಘದ ತರುಣ ಉದ್ಯೋಗಿಗಳ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನನ್ನು ಭಾಷಣಕ್ಕೆ ನಿಲ್ಲಿಸಿದ್ದು ಸಂಘದವರ ಧೈರ್ಯವೇ ಸರಿ. ಗಾಜಿನ ಕಿಂಡಿಯ ಹಿಂದೆ ಕುಳಿತು "ಮುಂದಿನವರು ಬನ್ನಿ" ಎನ್ನುವುದೊಂದೇ ನಮಗೆ ರೂಢಿಯಾದ ಭಾಷಣ. ಅದೂ ಮರಾಠಿಯಲ್ಲಿ. ಆದ್ದರಿಂದ ಇಂದು ಆಡುವ ಮಾತಿನಲ್ಲಿ ಪಾಂಡಿತ್ಯವನ್ನು ಹುಡುಕಬೇಡಿರೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಲೆಕ್ಕ ಸರಿಯಿದ್ದರೆ ಸಾಕು.

"ನಾವು" ಎಂದೆವು. ಇದು ದೊಡ್ಡಸ್ತಿಕೆಯ ನಾವು ಅಲ್ಲ. ಬ್ಯಾಂಕುಗಳಿಗೆ ಗುಮಾಸ್ತರನ್ನು ಆರಿಸಲು ಒಂದೇ ಸಾಮಾನ್ಯ ಪರೀಕ್ಷೆ 2011ರಲ್ಲಿ ಮೊದಲಾಯಿತಷ್ಟೆ. ಆ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ಈ ಊರಿಗೆ ಬಂದಿಳಿದ ನಾಲ್ಕು ಜನ ಬಿ.ಕಾಂ. ಹುಡುಗರು ನಾವು. ವಿಜಯಪುರ, ಬೆಳಗಾವಿ ಕಡೆಯವರು. ಮರಾಠಿ ಕಿವಿಗೆ ಹೊಸದಲ್ಲ. ನಾಲ್ವರದೂ ಬೇರೆ ಬೇರೆ ಬ್ಯಾಂಕು, ಬಾಡಿಗೆಯ ಕೋಣೆ ಮಾತ್ರ ಒಂದೇ. ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮಹಡಿಯ ಮೇಲೆ ಆರು ವರ್ಷ ಕೂಡಿ ಬಾಳಿದೆವು. ಈಗ ಮಾತನಾಡುತ್ತಿರುವುದು ಒಂದು ಬಾಯಿ, ಅನುಭವ ನಾಲ್ವರದು.

ಇನ್ನು ವಿಷಯಕ್ಕೆ ಬರುತ್ತೇವೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವನನ್ನು ಕಂಡರೆ ನಮ್ಮ ಜನಕ್ಕೆ ಆಗುವುದಿಲ್ಲ. ಆತ್ಮಸ್ತುತಿ ದೊಡ್ಡ ದೋಷವೆಂದು ಮನೆಯಲ್ಲಿ ಹೇಳಿಸಿಕೊಂಡು ಬೆಳೆದವರು ನಾವೆಲ್ಲ. ಆದರೆ ನೌಕರಿಯಲ್ಲಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ನಮಗೆ ಒಂದು ಸಂಶಯ ಬಂದಿದೆ. ಬೆನ್ನು ತಟ್ಟುವ ಬೇರೆ ಕೈ ಒಂದೂ ಇಲ್ಲದ ಕಾಲ ಬಂದರೆ ಮನುಷ್ಯ ಏನು ಮಾಡಬೇಕು?

ಆ ಕಾಲ ಎಲ್ಲರಿಗೂ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದರ ಸುಳಿವೇ ಇರುವುದಿಲ್ಲ. ಹೊಸ ಹುಡುಗ ನೋಟಿನ ಕಟ್ಟನ್ನು ಬೇಗ ಎಣಿಸಿದರೆ ಮುಖ್ಯ ನಗದು ಗುಮಾಸ್ತರು "ಶಾಭಾಸ್" ಎನ್ನುತ್ತಾರೆ. ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ಒಯ್ದರೆ ಓಣಿಯೇ ಕೊಂಡಾಡುತ್ತದೆ. ಐದಾರು ವರ್ಷ ಹೋಗಲಿ. ಅದೇ ಕೆಲಸವನ್ನು ಇಮ್ಮಡಿ ಚೆನ್ನಾಗಿ ಮಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಚೆನ್ನಾಗಿ ಮಾಡುವುದು ನಮ್ಮ ಸಹಜ ಗುಣವೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತಾರೆ.

ಬ್ಯಾಂಕಿನಲ್ಲಿ ಇದು ಇನ್ನೂ ಸ್ಪಷ್ಟ. ಸಂಜೆ ಪೆಟ್ಟಿಗೆಯ ಹಣವೂ ಲೆಕ್ಕದ ಹಣವೂ ಹೊಂದಿಕೊಂಡರೆ ಯಾರೂ ಒಂದು ಮಾತು ಆಡುವುದಿಲ್ಲ. ನೂರು ರೂಪಾಯಿ ಕಡಮೆ ಬಿತ್ತೋ, ಶಾಖೆಯೆಲ್ಲ ತಲೆಯೆತ್ತಿ ನೋಡುತ್ತದೆ. ಸರಿಯಾದ ಕೆಲಸಕ್ಕೆ ಸದ್ದಿಲ್ಲ, ತಪ್ಪಿಗೆ ಮಾತ್ರ ಸದ್ದು. ತಾಯಂದಿರು ನಗುತ್ತಿದ್ದೀರಿ, ಕಾರಣ ತಿಳಿಯಿತು. ಅಡುಗೆ ರುಚಿಯಾದ ದಿನ ಉಂಡು ಕೈತೊಳೆದು ಎದ್ದುಹೋಗುವ ನಾವೇ ಸಾರಿಗೆ ಉಪ್ಪು ಹೆಚ್ಚಾದ ದಿನ ಬಾಯಿ ಬಿಡುತ್ತೇವೆ. ತಪ್ಪನ್ನು ಒಪ್ಪಿಕೊಂಡೆವು.

ನಮ್ಮ ಕೋಣೆಗೆ ಮಾತ್ರ ಒಂದು ಭಾಗ್ಯವಿತ್ತು. ನಮ್ಮಲ್ಲೊಬ್ಬನ ತಂದೆಯವರು ಊರಿನ ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಯಾರ ತಂದೆಯೆಂಬುದು ಮುಖ್ಯವಲ್ಲ. ನಾಲ್ವರೂ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದೆವು. ದಿನವೂ ರಾತ್ರಿ ಒಂಬತ್ತಕ್ಕೆ ಅವರ ಫೋನು ಬರುತ್ತಿತ್ತು. ಊಟವಾಯಿತೇ ಎಂದು ಕೇಳುವುದು ಆಮೇಲೆ. ಮೊದಲ ಪ್ರಶ್ನೆ ಒಂದೇ: "ಇವತ್ತ ಲೆಕ್ಕ ಕೂಡಿತೇನ್ರೋ?" ಫೋನನ್ನು ನಡುವೆ ಇಟ್ಟುಕೊಂಡು ನಾಲ್ವರೂ ಉತ್ತರ ಕೊಡುತ್ತಿದ್ದೆವು. "ಕೂಡೇತ್ರಿ ಅಪ್ಪಾ" ಎಂದರೆ, "ಹಾಂ, ಚಲೋ ಆತು" ಎನ್ನುವರು. ಅಷ್ಟೇ ಮಾತು. ಆ "ಚಲೋ ಆತು" ಕೇಳಿ ನಿದ್ದೆ ಹೋಗುವುದು ನಮಗೆ ರೂಢಿಯಾಗಿತ್ತು.

2016ನೆಯ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಹತ್ತನೆಯ ತಾರೀಖು ಬ್ಯಾಂಕು ಬಾಗಿಲು ತೆರೆದಾಗ ಹೊರಗೆ ನಿಂತ ಸರದಿಯನ್ನು ನಿಮ್ಮಲ್ಲಿ ಅನೇಕರು ಹೊರಗಿನಿಂದ ಕಂಡಿದ್ದೀರಿ. ನಾವು ಒಳಗಿನಿಂದ ಕಂಡೆವು. ಹಳೆಯ ನೋಟು ಬದಲಿಸಿ ಕೊಡುವ ಮಿತಿ ಮೊದಲು ನಾಲ್ಕು ಸಾವಿರ, ಆಮೇಲೆ ನಾಲ್ಕೂವರೆ ಸಾವಿರ, ಮತ್ತೆ ಎರಡು ಸಾವಿರ ಎಂದು ಹತ್ತು ದಿನದೊಳಗೆ ಬದಲಾಯಿತು. ಪ್ರತಿ ಬದಲಾವಣೆಯನ್ನೂ ಸಿಟ್ಟಿಗೆದ್ದ ಜನಕ್ಕೆ ತಿಳಿಸಿ ಹೇಳುವ ಕೆಲಸ ಕಿಂಡಿಯಲ್ಲಿ ಕುಳಿತವನದು. ಒಂದು ರಾತ್ರಿ ನಮ್ಮಲ್ಲೊಬ್ಬನ ಲೆಕ್ಕದಲ್ಲಿ ಆರು ಸಾವಿರ ಕಡಮೆ ಬಿತ್ತು. ಹೊಸ ಎರಡು ಸಾವಿರದ ನೋಟು ಮೂರು, ಒಂದಕ್ಕೊಂದು ಅಂಟಿಕೊಂಡು ಯಾರದೋ ಕೈಸೇರಿದ್ದವು. ಕಡಮೆ ಬಿದ್ದ ಹಣವನ್ನು ನಗದು ಕೊಟ್ಟವನೇ ತುಂಬಬೇಕೆಂಬುದು ನಮ್ಮ ವೃತ್ತಿಯ ನಿಯಮ. ತುಂಬಿದ. ಹಣ ಹೋದದ್ದಕ್ಕಿಂತ ಹೆಚ್ಚಾಗಿ, "ನಾನು ಈ ಕೆಲಸಕ್ಕೆ ತಕ್ಕವನಲ್ಲ" ಎಂಬ ಮಾತು ಅವನ ತಲೆಯೊಳಗೆ ಹೊಕ್ಕು ಕುಳಿತಿತು. ರಾಜೀನಾಮೆಯ ಕಾಗದ ಬರೆಯಲು ಕುಳಿತನು.

ಒಂಬತ್ತಕ್ಕೆ ಬರಬೇಕಾದ ಫೋನು ಅಂದು ಹನ್ನೊಂದಕ್ಕೆ ಬಂದಿತು. ನಾವು ಮನೆ ಸೇರಿದ್ದೇ ಆಗ. ಸುದ್ದಿ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆರು ಸಾವಿರ ಹೋತು, ಖರೆ. ಇವತ್ತ ಎಷ್ಟು ಮಂದೀಗೆ ರೊಕ್ಕಾ ಕೊಟ್ಟಿ?" ಇನ್ನೂರರ ಮೇಲೆ ಎಂದು ಅವನು ಉತ್ತರ ಕೊಟ್ಟ. "ಮತ್ತ ಅದನ್ನ ಎಲ್ಲಿ ಬರದಿ? ಬರೇ ಖರ್ಚು ಬರದ್ರ ಅದೆಂಥಾ ಕಿರ್ದಿನೋ? ಜಮಾನೂ ಬರೀಬೇಕಪಾ."

ಹೊಸ ತಲೆಮಾರಿನವರಿಗಾಗಿ ಒಂದು ಮಾತು. ಕಿರ್ದಿಯೆಂದರೆ ಅಂಗಡಿಯ ದಿನದ ಲೆಕ್ಕದ ಪುಸ್ತಕ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಒಂದೇ ಕಡೆ ಬರೆದ ಕಿರ್ದಿ ಸುಳ್ಳು ಕಿರ್ದಿ. ಬಿ.ಕಾಂ. ಓದುವಾಗ ಮೊದಲ ವರ್ಷವೇ ಕಲಿತ ಈ ಪಾಠವನ್ನು ನಮ್ಮ ಸ್ವಂತ ಬದುಕಿಗೆ ಹಚ್ಚಿ ನೋಡುವುದು ನಮಗೆ ಹೊಳೆದಿರಲಿಲ್ಲ. ನಮ್ಮ ತಪ್ಪುಗಳನ್ನೆಲ್ಲ ತಾರೀಖಿನೊಡನೆ ನೆನಪಿಟ್ಟಿದ್ದೆವು. ಸರಿ ಮಾಡಿದ್ದನ್ನು ಬರೆದಿಡುವ ಪುಟವೇ ನಮ್ಮಲ್ಲಿರಲಿಲ್ಲ. ಮರುದಿನ ಎರಡು ನೂರು ಪುಟದ ಒಂದು ವಹಿಯನ್ನು ಕೊಂಡು ತಂದೆವು. ರಾಜೀನಾಮೆಯ ಕಾಗದ ಅದರ ಮೊದಲ ಪುಟದೊಳಗೆ ಮಡಿಸಿದಂತೆಯೇ ಉಳಿಯಿತು.

2018ರ ಬೇಸಗೆಯಲ್ಲಿ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿಸಿ ಪುಣೆಗೆ ಮರಳಿದ ರಾತ್ರಿ ಒಂಬತ್ತಾಯಿತು. ನಾಲ್ವರೂ ಫೋನನ್ನೇ ನೋಡುತ್ತ ಕುಳಿತಿದ್ದೆವು. ಒಂಬತ್ತೂಕಾಲಾಯಿತು. ಆಗ ನಮ್ಮಲ್ಲೊಬ್ಬ ಗಂಟಲು ಸರಿಮಾಡಿಕೊಂಡು ಕೇಳಿದ: "ಇವತ್ತ ಲೆಕ್ಕ ಕೂಡಿತೇನ್ರೋ?" ಯಾರಿಗೂ ಉತ್ತರ ಕೊಡಲಾಗಲಿಲ್ಲ. ಆದರೆ ಆ ಪ್ರಶ್ನೆಯನ್ನು ಇನ್ನು ಮುಂದೆ ನಾವೇ ಕೇಳಿಕೊಳ್ಳಬೇಕೆಂಬುದು ಅಂದು ತಿಳಿಯಿತು.

ಅದೇ ವರ್ಷ ಕೋಣೆ ಮುರಿಯಿತು. ಒಬ್ಬ ಅಧಿಕಾರಿಯಾಗಿ ವಿದರ್ಭದ ಹಳ್ಳಿಯ ಶಾಖೆಗೆ ಹೋದ. ಒಬ್ಬ ಬಡ್ತಿಯ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಎದ್ದು, 2021ರಲ್ಲಿ ಗುಜರಾತಿಗೆ ಹೋದ. ಒಬ್ಬ ಬ್ಯಾಂಕನ್ನೇ ಬಿಟ್ಟು ಊರಿನಲ್ಲಿ ವಾಣಿಜ್ಯದ ಪಾಠ ಹೇಳುತ್ತಿದ್ದಾನೆ. ನಾಲ್ಕನೆಯವನು ಹೆಂಡತಿಯ ದಾದಿ ಕೆಲಸ, ಮಗಳ ಶಾಲೆ, ತಾಯಿಯ ಔಷಧೋಪಚಾರ ಮೂರನ್ನೂ ಲೆಕ್ಕ ಹಾಕಿ, ಬಡ್ತಿ ಬೇಡವೆಂದು ಗುಮಾಸ್ತನಾಗಿಯೇ ಉಳಿದು, ಈಗ ಮುಖ್ಯ ನಗದು ಗುಮಾಸ್ತನಾಗಿದ್ದಾನೆ. ತಮ್ಮ ಮುಂದೆ ನಿಂತಿರುವುದು ಆ ನಾಲ್ಕನೆಯ ಬಾಯಿ.

ಉಳಿದವನಿಗೆ ಉತ್ತೇಜನ ಬೇಕೆಂಬುದು ಸರಿ, ಮೇಲಕ್ಕೆ ಹೋದವರಿಗೇನು ಕೊರತೆ ಎಂದು ತಾವು ಕೇಳಬಹುದು. ನಮಗೂ ಹಾಗೆಯೇ ಅನಿಸಿತ್ತು. ವಿದರ್ಭದ ಗೆಳೆಯ ಒಂದು ರಾತ್ರಿ ಫೋನಿನಲ್ಲಿ ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು. "ಗುಮಾಸ್ತನಾಗಿದ್ದಾಗ ಸಂಜೆ ಐದಕ್ಕೆ ನನ್ನ ಕೆಲಸ ಸರಿಯೋ ತಪ್ಪೋ ಗೊತ್ತಾಗುತ್ತಿತ್ತು. ಈಗ ಒಬ್ಬ ರೈತನಿಗೆ ಸಾಲ ಬರೆದರೆ ಅದು ಸರಿಯೋ ತಪ್ಪೋ ತಿಳಿಯಲು ಮೂರು ವರ್ಷ ಕಾಯಬೇಕು" ಎಂದ. ಕಂತು ತೊಂಬತ್ತು ದಿನ ಮೀರಿದರೆ ಸಾಮಾನ್ಯ ಸಾಲವು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ರೈತನ ಬೆಳೆ ಸಾಲವಾದರೆ ಸುಗ್ಗಿಯ ಲೆಕ್ಕ. ಪಟ್ಟಿಗೆ ಸೇರಿದ ಸಾಲದ ಬಗ್ಗೆ ಮೇಲಿನಿಂದ ಕಾಗದ ಬರುತ್ತದೆ. ತಪ್ಪದೆ ಕಂತು ಕಟ್ಟುವ ನೂರು ಸಾಲಗಳ ಬಗ್ಗೆ ಯಾವ ಕಾಗದವೂ ಬರುವುದಿಲ್ಲ.

ಮೇಲೇರಿದಂತೆ ಕೆಲಸದ ಫಲ ದೂರವಾಗುತ್ತದೆ. ಶಾಭಾಸ್ ಎನ್ನುತ್ತಿದ್ದ ಹಿರಿಯರು ನಿವೃತ್ತರಾಗುತ್ತಾರೆ. ಸಮಾನರು ಮುಂದಿನ ಬಡ್ತಿಗೆ ಸ್ಪರ್ಧಿಗಳು. ಕಿರಿಯರು ನಮ್ಮ ಬಾಯಿಂದ ಒಳ್ಳೆಯ ಮಾತಿಗಾಗಿ ಕಾದಿರುತ್ತಾರೆಯೇ ಹೊರತು, ನಮಗೂ ಅದು ಬೇಕಾದೀತೆಂದು ಅವರಿಗೆ ಹೊಳೆಯುವುದಿಲ್ಲ. ಪರಊರಿನಲ್ಲಿರುವ ನಮಗೆ ಇನ್ನೊಂದು ತೊಡಕು ಉಂಟು. ಊರಿನವರಿಗೆ ನಮ್ಮ ಕೆಲಸ ಕಾಣುವುದಿಲ್ಲ, ಹುದ್ದೆ ಮಾತ್ರ ಕಾಣುತ್ತದೆ. ಮದುವೆ ಮುಂಜಿಗಳಿಗೆ ಹೋದರೆ, "ಇನ್ನೂ ಕ್ಲಾರ್ಕೇ ಏನಪಾ? ಮ್ಯಾನೇಜರ್ ಯಾವಾಗ ಆಗ್ತೀ?" ಎಂದು ಪಂಕ್ತಿಯ ನಡುವೆ ಕೇಳುವ ಸೋದರಮಾವ ಒಬ್ಬರು ಎಲ್ಲ ಮನೆಗಳಲ್ಲೂ ಇದ್ದಾರೆ. ಅವರ ಪ್ರಶ್ನೆಯಲ್ಲಿ ಪ್ರೀತಿಯೇ ಇರುತ್ತದೆ. ಹೋಳಿಗೆ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಹುದ್ದೆ ಕೈತಪ್ಪಿದಾಗ ಮನುಷ್ಯ ಹೇಗೆ ನಿಲ್ಲಬಹುದೆಂಬುದಕ್ಕೆ ಕನ್ನಡಿಗರು ದೂರ ಹುಡುಕಬೇಕಾಗಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸಿನಲ್ಲಿ ಮೇಲಕ್ಕೆ ಬಂದವರು. ತಮಗೆ ನ್ಯಾಯವಾಗಿ ಸಲ್ಲಬೇಕಾದ ಉನ್ನತ ಸ್ಥಾನ ತಮಗಿಂತ ಕಿರಿಯರಿಗೆ ಹೋದಾಗ, 1940ರ ದಶಕದಲ್ಲಿ, ಅವರು ಕೆಲಸ ಬಿಟ್ಟರು. ಬಿಟ್ಟು ಮೂಲೆಯಲ್ಲಿ ಕುಳಿತರೇ? "ಜೀವನ" ಮಾಸಪತ್ರಿಕೆಯನ್ನು ಎರಡು ದಶಕಗಳ ಕಾಲ ನಡೆಸಿದರು. ಕರ್ನಾಟಕದ ಏಕೀಕರಣವಾದ 1956ರಲ್ಲೇ ಅವರ "ಚಿಕವೀರ ರಾಜೇಂದ್ರ" ಕಾದಂಬರಿ ಹೊರಬಂದಿತು. ಆ ಕೃತಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿಯೂ ಬಂದಿತು. ಪುಸ್ತಕಕ್ಕೂ ಪ್ರಶಸ್ತಿಗೂ ನಡುವೆ ಇಪ್ಪತ್ತೇಳು ವರ್ಷ. ಅಷ್ಟು ದೀರ್ಘಕಾಲವೂ ಅವರು ಬರೆಯುತ್ತಲೇ ಇದ್ದರು. ನಾವು ಮಾಸ್ತಿಯವರಲ್ಲ, ನಿಜ. ಆದರೆ ಅಧಿಕಾರದ ಕುರ್ಚಿ ಕೊಡದಿದ್ದ ತೃಪ್ತಿಯನ್ನು ತನ್ನ ಕೆಲಸದಿಂದಲೇ ಪಡೆಯಬಹುದೆಂಬ ಪಾಠ ಗುಮಾಸ್ತನಿಗೂ ಸಲ್ಲುತ್ತದೆ.

ಇನ್ನು ನಮ್ಮ ವಹಿಯ ಮಾತು. ಈಗ ನಾಲ್ವರ ಬಳಿಯೂ ಒಂದೊಂದು ಇದೆ. ಅದರ ನಿಯಮಗಳನ್ನು ತಮ್ಮ ಮುಂದೆ ಇಡುತ್ತೇವೆ. ಬೇಕಾದವರು ತೆಗೆದುಕೊಳ್ಳಬಹುದು, ಬಡ್ಡಿಯಿಲ್ಲ.

ಮೊದಲನೆಯದು, ರಸೀತಿ ಇಲ್ಲದ ಜಮಾ ಬರೆಯಕೂಡದು. "ನಾನು ಬಹಳ ಸಮರ್ಥ" ಎಂದು ಬರೆದರೆ ಅದಕ್ಕೆ ರಸೀತಿ ಎಲ್ಲಿದೆ? "ಇಂದು ಪಿಂಚಣಿಯ ಅಜ್ಜಿಯೊಬ್ಬರ ತಪ್ಪಿದ ಹೆಸರನ್ನು ತಿದ್ದಿಸಿ ಕೊಟ್ಟೆನು" ಎಂದರೆ ಅದು ಜಮಾ. ಆತ್ಮಸ್ತುತಿಗೂ ಆತ್ಮೋತ್ಸಾಹಕ್ಕೂ ನಾವು ಕಂಡ ಭೇದ ಇದೇ. ಮೊದಲನೆಯದು ಇನ್ನೊಬ್ಬರ ಕಿವಿಗೆ ಹೇಳುವುದು, ಲೆಕ್ಕವಿಲ್ಲದ್ದು. ಎರಡನೆಯದು ತನಗೆ ತಾನೇ ಹೇಳಿಕೊಳ್ಳುವುದು, ಲೆಕ್ಕವಿರುವುದು.

ಎರಡನೆಯದು, ಖರ್ಚನ್ನು ಮುಚ್ಚಿಡಕೂಡದು. ತಪ್ಪು ಮಾಡಿದ ದಿನ ಅದನ್ನೂ ಬರೆಯಬೇಕು. ಪಕ್ಕದಲ್ಲಿ, ಹೇಗೆ ಸರಿಪಡಿಸಿದೆವೆಂದು ಬರೆಯಬೇಕು. ಬಡ್ತಿಯ ಪರೀಕ್ಷೆಯಲ್ಲಿ ಎರಡು ಸಲ ಬಿದ್ದ ಗೆಳೆಯ ತನ್ನ ವಹಿಯಲ್ಲಿ ಬಿದ್ದೆನೆಂದಷ್ಟೇ ಬರೆಯಲಿಲ್ಲ. ಯಾವ ಭಾಗದಲ್ಲಿ ಎಷ್ಟು ಅಂಕ ಕಡಮೆಯಾಯಿತೆಂದು ಬರೆದ. ಮೂರನೆಯ ಸಲ ಅವನನ್ನು ಎತ್ತಿದ್ದು ಆ ಪುಟವೇ.

ಮೂರನೆಯದು, ಇನ್ನೊಬ್ಬನ ಖಾತೆಯ ಮೊತ್ತವನ್ನು ನಮ್ಮ ಪುಟದಲ್ಲಿ ಬರೆಯಕೂಡದು. ಬೇರೆಯವರ ಕಾರು, ಮನೆ, ಹುದ್ದೆಗಳನ್ನು ನೋಡಿ ನಮ್ಮ ಲೆಕ್ಕ ಮುಗಿಸಿದರೆ ಅದು ಎಂದೂ ಕೂಡದು. ನಿನ್ನೆಯ ನಮ್ಮ ಶಿಲ್ಕಿಗೂ ಇಂದಿನ ನಮ್ಮ ಶಿಲ್ಕಿಗೂ ಮಾತ್ರ ತುಲನೆ.

ನಾಲ್ಕನೆಯದು, ದಿನಕ್ಕೆ ಒಂದೇ ಸಾಲಾದರೂ ಸಾಕು, ತಪ್ಪಕೂಡದು. ಇದನ್ನು ಹೇಳುವಾಗ ನಮ್ಮ ನಾಡಿನ ಒಂದು ದೊಡ್ಡ ಉದಾಹರಣೆ ನೆನಪಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಟಿ. ಎಂ. ಎ. ಪೈ, ವಾಮನ ಕುಡ್ವ ಮೂವರು ಸೇರಿ ಒಂದು ಬ್ಯಾಂಕನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಜಮಾ ಮಾಡಿಸಿಕೊಂಡು ಬರುತ್ತಿದ್ದರು. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಕೂಲಿ ಮಾಡುವವರೂ ಸಣ್ಣ ಅಂಗಡಿಯವರೂ ಹೀಗೆ ಹಣ ಕೂಡಿಟ್ಟರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರಿನ ಫಲಕ ಇಳಿಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಬದುಕಿದೆ. ಧೈರ್ಯವೂ ಪಿಗ್ಮಿಯಂತೆಯೇ. ಕಷ್ಟ ಬಂದ ದಿನ ಒಮ್ಮೆಗೇ ತರುತ್ತೇನೆಂದರೆ ಸಿಗುವುದಿಲ್ಲ. ದಿನವೂ ಎರಡಾಣೆ ಹಾಕಿಟ್ಟವನು ಆ ದಿನ ಪಡೆಯುತ್ತಾನೆ.

ಆ ದಿನ ನಮಗೆ ಬಂದೇ ಬಂದಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬ್ಯಾಂಕಿನ ಬಾಗಿಲು ತೆರೆದೇ ಇತ್ತು. ಜನಧನ ಖಾತೆಯ ಹೆಂಗಸರಿಗೆ ಸರಕಾರ ಏಪ್ರಿಲ್‌ನಿಂದ ಮೂರು ತಿಂಗಳು ಐನೂರು ಐನೂರು ರೂಪಾಯಿ ಜಮಾ ಮಾಡಿತು. ಅದನ್ನು ಪಡೆಯಲು ಬಂದವರು ಮುಖಕ್ಕೆ ಸೆರಗು ಕಟ್ಟಿಕೊಂಡು ಬಿಸಿಲಿನಲ್ಲಿ ದೂರ ದೂರ ನಿಂತಿರುತ್ತಿದ್ದರು. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ತಾಯಿ. ದಿನವೂ ಮನೆಗೆ ಮರಳುವಾಗ ರೋಗವನ್ನೂ ಹೊತ್ತು ತರುತ್ತಿದ್ದೇವೆಯೋ ಎಂಬ ಭಯ. ಅಂದು ರಾತ್ರಿ ಹಳೆಯ ವಹಿಯನ್ನು ತಿರುವಿ ನೋಡಿದೆವು. 2016ರ ಪುಟದಲ್ಲಿ, "ಆರು ಸಾವಿರ ಕಡಮೆ. ಇನ್ನೂರು ಜನಕ್ಕಿಂತ ಹೆಚ್ಚು ಮಂದಿಗೆ ಕೊಟ್ಟೆ" ಎಂದಿತ್ತು. ಅದನ್ನು ದಾಟಿದವರು ಇದನ್ನೂ ದಾಟಬಹುದು ಎನಿಸಿತು. ಹೊಸ ಪುಟದಲ್ಲಿ ಅಂದಿನ ಸಾಲು ಬರೆದೆವು: "ತೊಂಬತ್ತಾರು ಜನ ತಾಯಂದಿರು. ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ."

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದೆಂದರೆ ದುಃಖವನ್ನು ಬೇರೆ ಯಾರಲ್ಲಿಯೂ ಹೇಳಿಕೊಳ್ಳಬಾರದೆಂದಲ್ಲ. ಎಷ್ಟು ಸಲ ಕೂಡಿಸಿದರೂ ಲೆಕ್ಕ ಹೊಂದದಿದ್ದರೆ, ಪಕ್ಕದವರನ್ನು ಕರೆದು "ಸ್ವಲ್ಪ ನೋಡಿರಿ" ಎನ್ನುವುದು ನಮ್ಮಲ್ಲಿ ಪದ್ಧತಿ. ಅದರಲ್ಲಿ ಅವಮಾನವಿಲ್ಲ. ನಿದ್ದೆ ಬಾರದ ರಾತ್ರಿಗಳು ಸಾಲುಗಟ್ಟಿದರೆ ಗೆಳೆಯನ ಬಳಿಗೂ ಹೋಗಿರಿ, ವೈದ್ಯರ ಬಳಿಗೂ ಹೋಗಿರಿ. ಹಾಗೆಯೇ, ಅನ್ಯಾಯವಾದಾಗ ವಹಿಯಲ್ಲಿ ಬರೆದು ಸುಮ್ಮನಿರಬೇಕೆಂದೂ ಅಲ್ಲ. ನ್ಯಾಯವಾಗಿ ಕೇಳಬೇಕಾದ್ದನ್ನು ಕೇಳಲೇಬೇಕು. ವಹಿ ಕೇಳುವ ಬಾಯಿಗೆ ಬಲ ಕೊಡುತ್ತದೆ.

ಕಡೆಯದಾಗಿ ಒಂದು ಮಾತು. ತನಗೆ ತಾನೇ ಉತ್ಸಾಹ ತುಂಬಿಕೊಳ್ಳಲು ಕಲಿತವನಿಗೆ ಇನ್ನೊಬ್ಬರಿಗೆ ಕೊಡುವುದು ಸುಲಭವಾಗುತ್ತದೆ. ಹಸಿದವನು ಬಡಿಸಲಾರ. ಈಚೆಗೆ ನಮ್ಮ ಶಾಖೆಗೆ ಕಲಬುರಗಿಯ ಕಡೆಯಿಂದ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಮೊದಲ ವಾರ, ಸಂಜೆ, ಐವತ್ತು ರೂಪಾಯಿ ಹೆಚ್ಚಾಗಿ ಬಂದಿತೆಂದು ಅಳುವ ಮುಖ ಮಾಡಿಕೊಂಡು ಕುಳಿತಿದ್ದಳು. ಕಡಮೆಯಾದರೆ ಅಳುವವರನ್ನು ಕಂಡಿದ್ದೆವು; ಹೆಚ್ಚಾಗಿದ್ದಕ್ಕೆ ಅಳುವವರನ್ನು ಅಂದೇ ಕಂಡದ್ದು. ಜೊತೆಗೆ ಕುಳಿತು ಚೀಟಿಗಳನ್ನೆಲ್ಲ ಮತ್ತೆ ನೋಡಿದೆವು. ತಪ್ಪು ಸಿಕ್ಕಿತು, ಯಾರಿಗೆ ಕೊಡಬೇಕೋ ಅವರಿಗೆ ಮರುದಿನ ಕೊಟ್ಟಾಯಿತು. ಅಂದಿನಿಂದ ಮನೆಗೆ ಹೊರಡುವಾಗ ಅವಳನ್ನು ಕೇಳುವುದು ರೂಢಿಯಾಗಿದೆ: "ಲೆಕ್ಕ ಕೂಡಿತೇನವಾ?" "ಕೂಡ್ಯದರಿ ಸರ್" ಎನ್ನುತ್ತಾಳೆ. "ಚಲೋ ಆತು" ಎನ್ನುತ್ತೇವೆ. ಆ ಎರಡು ಮಾತು ನಮ್ಮ ಸ್ವಂತದ್ದಲ್ಲವೆಂಬುದು ಈಗ ನಿಮಗೂ ಗೊತ್ತು.

ತಮ್ಮಂದಿರೇ, ತಂಗಿಯರೇ, ನಿಮ್ಮನ್ನು ಕೇಳುವವರು ಇನ್ನೂ ಇದ್ದರೆ ನೀವು ಭಾಗ್ಯವಂತರು. ಇಂದು ರಾತ್ರಿ ಅವರಿಗೆ ಫೋನು ಮಾಡಿರಿ. ಇಲ್ಲದಿದ್ದರೆ, ಮಲಗುವ ಮುನ್ನ ನೀವೇ ಕೇಳಿಕೊಳ್ಳಿರಿ. ಉತ್ತರವನ್ನು ಒಂದೇ ಸಾಲಿನಲ್ಲಿ, ನಮ್ಮ ಕನ್ನಡದಲ್ಲಿ, ಬರೆದಿಡಿರಿ. ಹಗಲೆಲ್ಲ ಬೇರೆ ಭಾಷೆಗಳಲ್ಲಿ ದುಡಿದವರಿಗೆ ತಮ್ಮೊಡನೆ ತಾವು ಮಾತಾಡಲು ಆ ಭಾಷೆಯಾದರೂ ಉಳಿಯಲಿ.

 ಸಿರಿಗನ್ನಡಂ ಗೆಲ್ಗೆ.